ಎಳೆಯರಿಗೆ ರೇಖಾರಚನೆಯ ಪಾಠ

ಕಣ್ಣು, ಕೈ, ಬುದ್ಧಿ ಈ ಮೂರಕ್ಕೂ ಏಕಕಾಲದಲ್ಲಿ ಕೆಲಸ ಕೊಡುವ ಪಾಠಗಳು ವಿರಳ. ರೇಖಾಗಣಿತದ ರಚನಾಪಾಠವು ಅಂಥವುಗಳಲ್ಲೊಂದು. ಆದರೆ ಅದು ಅನೇಕ ಕಡೆ ಅಂಕಗಳಿಕೆಯ ವಿಧಿಯ ಮಟ್ಟಕ್ಕೆ ಇಳಿದಿರುವುದು ಅನುಭವಿಗಳಾದ ಉಪಾಧ್ಯಾಯರಿಗೆ ಅವಿದಿತವೇನಲ್ಲ. ಕೈವಾರದಿಂದ 60 ಡಿಗ್ರಿಯ ಕೋನವನ್ನು ರಚಿಸೆಂದರೆ, ಬಾಲಕನು ಮೊದಲು ಕೋನಮಾಪಕವನ್ನಿಟ್ಟು ಗುರುತು ಮಾಡಿ ಗೆರೆಯೆಳೆದು, ಅನಂತರ ಎರಡು ಕಂಸಗಳನ್ನು ಅಲಂಕಾರಕ್ಕೆಂಬಂತೆ ಅದರ ಮೇಲೆ ತೊಡಿಸುತ್ತಾನೆ. ಚಿತ್ರವು ಸರಿಯಾಗಿಯೇ ತೋರುತ್ತದೆ, ಅಂಕವೂ ದೊರೆಯುತ್ತದೆ, ದೊರೆಯದೆ ಉಳಿಯುವುದು ವಿದ್ಯೆಯೊಂದೇ.

ಅಳೆಯುವುದು ಬೇರೆ, ರಚಿಸುವುದು ಬೇರೆ. ಅಳತೆಯು ಉಪಕರಣದ ಮೇಲಿನ ಗುರುತುಗಳನ್ನು ನಂಬುತ್ತದೆ. ರಚನೆಯು ಯುಕ್ತಿಯನ್ನು ನಂಬುತ್ತದೆ. ಕ್ರಿಸ್ತಪೂರ್ವ 300ರ ಸುಮಾರಿನಲ್ಲಿ ಗ್ರೀಕರ ಯೂಕ್ಲಿಡನು ತನ್ನ ಗ್ರಂಥವನ್ನು ಆರಂಭಿಸಿದ್ದೇ ಸಮಬಾಹು ತ್ರಿಭುಜದ ರಚನೆಯಿಂದ. ಅವನ ಪಟ್ಟಿಯಲ್ಲಿ ಅಂಗುಲದ ಗುರುತುಗಳಿಲ್ಲ. ನಮ್ಮ ದೇಶದ ಶುಲ್ಬಸೂತ್ರಗಳಲ್ಲಿ ಹಗ್ಗ ಮತ್ತು ಗೂಟಗಳೇ ಉಪಕರಣಗಳು. ಶುಲ್ಬವೆಂದರೆ ಹಗ್ಗವೆಂದೇ ಅರ್ಥ. ಕಾತ್ಯಾಯನ ಶುಲ್ಬಸೂತ್ರವು ಸಮನೆಲದಲ್ಲಿ ಶಂಕುವನ್ನು ನೆಟ್ಟು, ಅದರ ಸುತ್ತ ಮಂಡಲವನ್ನೆಳೆದು, ನೆರಳಿನ ತುದಿಯು ಮಂಡಲವನ್ನು ಮುಟ್ಟಿದ ಎರಡೆಡೆಗಳಲ್ಲಿ ಗೂಟ ನಾಟಿ ಪೂರ್ವಪಶ್ಚಿಮ ರೇಖೆಯನ್ನು ಪಡೆಯಲು ಹೇಳುತ್ತದೆ. ಬಳಿಕ ಹಗ್ಗದ ತುದಿಗಳನ್ನು ಆ ಗೂಟಗಳಿಗೆ ಸಿಕ್ಕಿಸಿ, ನಡುವನ್ನು ಹಿಡಿದು ದಕ್ಷಿಣಕ್ಕೂ ಉತ್ತರಕ್ಕೂ ಎಳೆದರೆ ಇನ್ನೊಂದು ದಿಕ್ಕು ದೊರೆಯುತ್ತದೆ. ಇಂದಿನ ಪುಸ್ತಕಗಳಲ್ಲಿ ಲಂಬಾರ್ಧಕವೆಂಬ ಹೆಸರಿನಲ್ಲಿ ಬರುವುದು ಇದೇ ರಚನೆ.

ಪರಿಭಾಷೆಯಲ್ಲಿಯೂ ಪಾಠವಡಗಿದೆ. ವೃತ್ತದ ತುಂಡಿಗೆ ಚಾಪ, ಅಂದರೆ ಬಿಲ್ಲು, ಎಂಬ ಹೆಸರುಂಟು. ಅದರ ತುದಿಗಳನ್ನು ಕೂಡಿಸುವ ಗೆರೆಯು ಜ್ಯಾ, ಅಂದರೆ ಹೆದೆ. ಶಬ್ದದ ಅರ್ಥವನ್ನು ಬಿಡಿಸಿ ಹೇಳಿದರೆ ಚಿತ್ರವು ತಾನಾಗಿಯೇ ಮಗುವಿನ ಮನಸ್ಸಿನಲ್ಲಿ ಮೂಡುತ್ತದೆ.

ಪಾಠಕ್ಕೆ ಮುನ್ನ ಉಪಕರಣಗಳನ್ನು ಪರೀಕ್ಷಿಸತಕ್ಕದ್ದು. ಕೈವಾರದ ಕೀಲು ಬಿಗಿಯಾಗಿರಬೇಕು. ಮುಚ್ಚಿದಾಗ ಮುಳ್ಳಿನ ಮೊನೆಯೂ ಪೆನ್ಸಿಲಿನ ಮೊನೆಯೂ ಒಂದೇ ಮಟ್ಟದಲ್ಲಿರಬೇಕು. 5 ಸೆಂಟಿಮೀಟರ್ ತ್ರಿಜ್ಯದ ವೃತ್ತದ ಮೇಲೆ ಒಂದು ಡಿಗ್ರಿಯ ಕಂಸದ ಉದ್ದವು ಸುಮಾರು 0.87 ಮಿಲಿಮೀಟರ್ ಮಾತ್ರ. ಮೊಂಡು ಪೆನ್ಸಿಲಿನ ಗೆರೆಯೇ ಅಷ್ಟು ದಪ್ಪವಾದರೆ ಯುಕ್ತಿಯು ಶುದ್ಧವಾಗಿದ್ದರೂ ಚಿತ್ರವು ಒಂದು ಡಿಗ್ರಿ ತಪ್ಪಬಹುದು.

ಮೊದಲನೆಯ ರಚನೆ 60 ಡಿಗ್ರಿಯದು. ಒಂದು ಗೆರೆಯ ತುದಿಯನ್ನು ಕೇಂದ್ರವಾಗಿಟ್ಟು ಕಂಸವನ್ನೆಳೆಯುವುದು. ಕಂಸವು ಗೆರೆಯನ್ನು ಛೇದಿಸಿದ ಬಿಂದುವಿನಿಂದ, ಕೈವಾರವನ್ನು ಕದಲಿಸದೆ, ಮೊದಲ ಕಂಸವನ್ನು ಮತ್ತೆ ಛೇದಿಸುವುದು. ಈ ಛೇದನಬಿಂದುವನ್ನು ಗೆರೆಯ ತುದಿಗೆ ಸೇರಿಸಿದರೆ ಕೋನವು ಸಿದ್ಧ. ಮೂರು ಬಿಂದುಗಳ ನಡುವಣ ಮೂರು ಅಂತರಗಳೂ ಒಂದೇ ತ್ರಿಜ್ಯಕ್ಕೆ ಸಮವಾದ್ದರಿಂದ ಅಲ್ಲಿರುವುದು ಸಮಬಾಹು ತ್ರಿಭುಜ. 180ನ್ನು ಮೂರು ಕೋನಗಳಿಗೆ ಸಮನಾಗಿ ಹಂಚಿದರೆ 60. ಈ ಕಾರಣವನ್ನು ಬಾಲಕನೇ ಹೇಳುವವರೆಗೆ ಉಪಾಧ್ಯಾಯನು ಮುಂದಕ್ಕೆ ಹೋಗಬಾರದು.

ಎರಡನೆಯದು ಕೋನಾರ್ಧನ. ಕೋನದ ತುದಿಯಿಂದ ಎಳೆದ ಕಂಸವು ಎರಡು ಬಾಹುಗಳನ್ನು ಛೇದಿಸಿದ ಬಿಂದುಗಳಿಂದ ಸಮತ್ರಿಜ್ಯದ ಎರಡು ಕಂಸಗಳನ್ನು ಎಳೆದು, ಅವು ಕೂಡಿದೆಡೆಗೆ ತುದಿಯನ್ನು ಸೇರಿಸುವುದು. ಅಕ್ಕಪಕ್ಕದ ತ್ರಿಭುಜಗಳ ಮೂರು ಬಾಹುಗಳೂ ಪರಸ್ಪರ ಸಮ; ಆದುದರಿಂದ ಕೋನಗಳೂ ಸಮ. ಲಂಬಾರ್ಧಕವನ್ನು ಶಾಲೆಯ ಅಂಗಳದಲ್ಲಿಯೇ ತೋರಿಸಬಹುದು. 4 ಮೀಟರ್ ಅಂತರದ ಎರಡು ಗೂಟಗಳಿಗೆ 6 ಮೀಟರ್ ಹಗ್ಗವನ್ನು ಸಿಕ್ಕಿಸಿ, ನಡುಗುರುತನ್ನು ಹಿಡಿದು ಆಚೆಗೂ ಈಚೆಗೂ ಎಳೆಸಿದರೆ ಕಂಪಾಸು ಪೆಟ್ಟಿಗೆಯಿಲ್ಲದ ಮಗುವೂ ಈ ಪಾಠದಿಂದ ವಂಚಿತವಾಗದು.

ಇಷ್ಟು ಕೈಗೂಡಿದ ಮೇಲೆ ಒಂದು ಸುಂದರ ಅಭ್ಯಾಸವುಂಟು. ವೃತ್ತವೊಂದರ ವ್ಯಾಸಕ್ಕೆ ಲಂಬಾರ್ಧಕವನ್ನೆಳೆದರೆ ಪರಿಧಿಯಲ್ಲಿ 4 ಬಿಂದುಗಳು; ಕೋನಗಳನ್ನು ಅರ್ಧಿಸಿದರೆ 8; ಮತ್ತೊಮ್ಮೆ ಅರ್ಧಿಸಿದರೆ 16. ಪ್ರತಿ ನಾಲ್ಕನೆಯ ಬಿಂದುವನ್ನು ಸೇರಿಸುತ್ತ ಹೋದರೆ ಒಂದರ ಮೇಲೊಂದು ತಿರುಗಿ ಕುಳಿತ ನಾಲ್ಕು ಚೌಕಗಳಾಗಿ, 16 ಮೂಲೆಗಳ ನಕ್ಷತ್ರವು ಮೂಡುತ್ತದೆ. ಸೋಮನಾಥಪುರದ 13ನೆಯ ಶತಮಾನದ ಕೇಶವ ದೇವಾಲಯದ ನಕ್ಷತ್ರಾಕಾರದ ಪಾಯವನ್ನು ಕಂಡ ಮಗುವಿಗೆ ಈ ಚಿತ್ರವು ಅಪರಿಚಿತವೆನಿಸದು.

ಯುಕ್ತಿಗೂ ಮಿತಿಯುಂಟೆಂಬುದನ್ನು ಮರೆಮಾಡಬಾರದು. 60 ಡಿಗ್ರಿಯನ್ನು ಅರ್ಧಿಸಬಹುದು. ಆದರೆ ಗುರುತಿಲ್ಲದ ಪಟ್ಟಿ ಮತ್ತು ಕೈವಾರಗಳಿಂದಲೇ ಅದನ್ನು ಮೂರು ಸಮಭಾಗ ಮಾಡಲಾಗದು. ಇದನ್ನು 1837ರಲ್ಲಿ ಫ್ರಾನ್ಸಿನ ವಾಂಟ್ಸೆಲನು ಸಾಧಿಸಿ ತೋರಿಸಿದನು. ಕೋನಮಾಪಕದಲ್ಲಿ 20 ಡಿಗ್ರಿಯನ್ನು ಕ್ಷಣದಲ್ಲಿ ಗುರುತಿಸಬಹುದು. ಕೈವಾರಕ್ಕೆ ಅದು ಎಂದೆಂದಿಗೂ ನಿಲುಕದು. ಅಳತೆ ಬೇರೆ, ರಚನೆ ಬೇರೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ಬೇಕಿಲ್ಲ.

ಆದುದರಿಂದ ಪರೀಕ್ಷಕರು ಚಿತ್ರದ ಅಂದಕ್ಕಷ್ಟೇ ಅಲ್ಲದೆ ಕಾರಣದ ಒಂದು ವಾಕ್ಯಕ್ಕೂ ಅಂಕವನ್ನಿಡುವುದು ಯುಕ್ತ. ತುಸು ಓರೆಯಾದರೂ ನಿಜವಾಗಿ ರಚಿಸಿದ ಕೋನವು, ಅಳೆದು ಮರೆಮಾಚಿದ ನೇರ ಕೋನಕ್ಕಿಂತ ಮೇಲು. ಶರಣರು ಕಾಯಕದಲ್ಲಿ ಬಯಸಿದ್ದು ಒಳಹೊರಗೊಂದಾದ ಶುದ್ಧಿಯನ್ನು. ಆ ಶುದ್ಧಿಯ ಅಭ್ಯಾಸವು ಹತ್ತು ವರ್ಷದ ಮಗುವಿಗೆ ಎರಡು ಕಂಸಗಳು ಕೂಡುವ ಒಂದು ಸಣ್ಣ ಬಿಂದುವಿನಿಂದಲೂ ಆರಂಭವಾಗಬಲ್ಲದು.