ಗೇಮ್ ವಿಮರ್ಶೆಗೆ ಕೂರುವ ಮುನ್ನ

ಯಲಹಂಕದ ಸೃಷ್ಟಿಯಂಥ ವಿನ್ಯಾಸ ಶಾಲೆ ಸೇರಿ ಗೇಮ್ ಕಟ್ಟುವ ಆಸೆ ಇಟ್ಟುಕೊಂಡ ಮಕ್ಕಳೇ, ವಿಮರ್ಶೆ ಬರೆಯಿರಿ ಎಂದರೆ ನಿಮ್ಮಲ್ಲಿ ಹಲವರು ‘ಗ್ರಾಫಿಕ್ಸ್ ಸೂಪರ್, ಕಥೆ ಬೋರು’ ಎಂದು ಮುಗಿಸಿಬಿಡುತ್ತೀರಿ. ಅದು ಆಡಿದವರ ಮಾತು, ಕಟ್ಟುವವರದ್ದಲ್ಲ. ನೀವು ನಿಯಮ ನೋಡಬೇಕು. ನಮ್ಮ ಚೌಕಾಬಾರದಲ್ಲಿ ಎದುರಾಳಿಯ ಒಂದು ಕಾಯಿಯನ್ನಾದರೂ ಹೊಡೆಯದೆ ಒಳಮನೆಗೆ ಹೋಗುವಂತಿಲ್ಲ. ಈ ಒಂದೇ ಕಟ್ಟಳೆಯಿಂದ, ತನ್ನ ಪಾಡಿಗೆ ಸುತ್ತು ಹಾಕುವ ಅಂಜುಬುರುಕನೂ ಜಗಳಕ್ಕೆ ಇಳಿಯಲೇಬೇಕಾಗುತ್ತದೆ. ಹೀಗೆ ಬಿಡಿಸಿ ಹೇಳಿ ನೋಡೋಣ.

ಕ್ಯಾಂಡಿ ಕ್ರಷ್‌ನಲ್ಲಿ ಐದು ಜೀವವೂ ಮುಗಿದರೆ ಒಂದು ಮರಳಿ ಬರಲು 30 ನಿಮಿಷ ಕಾಯಬೇಕು, ಇಲ್ಲವೇ ದುಡ್ಡು ಕೊಡಬೇಕು. ಆ ಕಾಯುವಿಕೆ ಬೇಕಾದದ್ದು ಆಟಕ್ಕೋ, ಗಲ್ಲಾಪೆಟ್ಟಿಗೆಗೋ? ಕೇಳಿ. ಹಾಗೆಂದು ಪುಣೆಯ ಸಣ್ಣ ತಂಡವೊಂದು 2020ರಲ್ಲಿ ತಂದ ‘ರಾಜಿ’ ಗೇಮ್‌ಗೆ, ನಮ್ಮವರದ್ದು ಪಾಪ, ಎಂದು ರಿಯಾಯಿತಿ ಕೊಡಬೇಡಿ. ಕನಿಕರದಿಂದ ಯಾರ ಮುಂದಿನ ಆಟವೂ ಸುಧಾರಿಸದು.

ಆಡುವಾಗ ಪಕ್ಕದಲ್ಲೊಂದು ನೋಟ್‌ಬುಕ್ ಇರಲಿ. ಎಲ್ಲಿ ಕೈ ತಡೆಯಿತು, ಎಲ್ಲಿ ಸೋತರೂ ಇನ್ನೊಮ್ಮೆ ಆಡೋಣ ಎನ್ನಿಸಿತು, ಆಗಲೇ ಗುರುತು ಹಾಕಿಕೊಳ್ಳಿ. ಮನೆಯ ಅಜ್ಜಿಯ ಕೈಗೂ ಒಮ್ಮೆ ಫೋನ್ ಕೊಡಿ. ‘ಅಲ್ಲಿ ಒತ್ತಜ್ಜಿ’ ಎಂದು ಮಾತ್ರ ಹೇಳಬೇಡಿ. ಅವರ ಬೆರಳು ಎಲ್ಲಿ ತಡಕಾಡುತ್ತದೆ, ಸುಮ್ಮನೆ ನೋಡಿ ಬರೆದುಕೊಳ್ಳಿ.