ಮಧುಮೇಹವೂ ಪಿತ್ತಕೋಶದ ವ್ಯಾಧಿಯೂ ಕೂಡಿದವರಿಗೆ ಪಥ್ಯದ ಅಡಿಗೆ
(ಗೃಹಶಾಸ್ತ್ರದ ಒಂದು ಪಾಠ)

ಮನೆಯಲ್ಲಿ ಒಬ್ಬರಿಗೆ ಒಂದೇ ವ್ಯಾಧಿಯಿದ್ದರೆ ಅದರ ಪಥ್ಯವನ್ನು ಅರಿತು ನಡೆಸುವುದು ಅಷ್ಟು ಕಷ್ಟವಲ್ಲ. ಒಬ್ಬರಲ್ಲಿಯೇ ಎರಡು ವ್ಯಾಧಿಗಳು ಕೂಡಿಕೊಂಡಾಗ ಗೃಹಿಣಿಯು ಕಂಗೆಡುವಳು. ಮಧುಮೇಹಕ್ಕೆ ಔಷಧ ಕೊಡುವ ವೈದ್ಯರು ಅನ್ನವನ್ನೂ ಸಿಹಿಯನ್ನೂ ಮಿತಗೊಳಿಸಬೇಕೆನ್ನುವರು. ಪಿತ್ತಕೋಶದಲ್ಲಿ ಕಲ್ಲನ್ನು ಕಂಡ ವೈದ್ಯರು ಎಣ್ಣೆ ತುಪ್ಪಗಳನ್ನು ಮಿತಗೊಳಿಸಬೇಕೆನ್ನುವರು. ನಮ್ಮ ಶಾಲೆಯಲ್ಲಿ ಓದಿಹೋದವರಲ್ಲಿ ಅನೇಕರು ಈಗ ವೃದ್ಧರಾದ ತಂದೆತಾಯಿಗಳನ್ನೂ ಅತ್ತೆಮಾವಂದಿರನ್ನೂ ಆರೈಕೆಮಾಡುತ್ತಿರುವರು. ಅವರಲ್ಲಿ ಕೆಲವರು ನನ್ನನ್ನು ಕಂಡಾಗ ಕೇಳಿರುವ ಪ್ರಶ್ನೆ ಇದು: “ಅನ್ನವೂ ಬೇಡ, ಎಣ್ಣೆಯೂ ಬೇಡ ಎಂದ ಮೇಲೆ ಇನ್ನೇನನ್ನು ಬಡಿಸೋಣ, ಟೀಚರ್?” ಈ ಪ್ರಶ್ನೆಗೆ ಉತ್ತರವಾಗಿ ಈ ಪಾಠವನ್ನು ಬರೆದಿದ್ದೇನೆ. ಈ ಎರಡು ಪಥ್ಯಗಳು ಒಂದಕ್ಕೊಂದು ವೈರಿಗಳಲ್ಲ. ಎರಡಕ್ಕೂ ಬೇಕಾದುದು ಒಂದೇ, ಅದು ಅಳತೆ ಮತ್ತು ಹೊತ್ತು ಎಂಬುದನ್ನು ತೋರಿಸುವುದೇ ಇದರ ಉದ್ದೇಶ.

ವ್ಯಾಧಿಗಳ ಸ್ವರೂಪ

ನಾವು ಉಣ್ಣುವ ಅನ್ನ, ರೊಟ್ಟಿ, ಮುದ್ದೆಗಳಲ್ಲಿರುವ ಪಿಷ್ಟವು ಜೀರ್ಣವಾಗಿ ಸಕ್ಕರೆಯ ರೂಪದಲ್ಲಿ ರಕ್ತವನ್ನು ಸೇರುವುದು. ಆ ಸಕ್ಕರೆಯನ್ನು ದೇಹವು ಉಪಯೋಗಿಸಿಕೊಳ್ಳಬೇಕಾದರೆ ಮೇದೋಜೀರಕ ಗ್ರಂಥಿಯಲ್ಲಿ ಹುಟ್ಟುವ ಇನ್ಸುಲಿನ್ ಬೇಕು. ಇನ್ಸುಲಿನ್ ಸಾಲದಿದ್ದರೆ, ಅಥವಾ ಇದ್ದರೂ ಸರಿಯಾಗಿ ಕೆಲಸಮಾಡದಿದ್ದರೆ, ಸಕ್ಕರೆಯು ರಕ್ತದಲ್ಲಿಯೇ ನಿಂತುಬಿಡುವುದು. ಇದೇ ಮಧುಮೇಹ.

ಪಿತ್ತಕೋಶವು ಯಕೃತ್ತಿನ ಕೆಳಗೆ ಅಂಟಿಕೊಂಡಿರುವ, ಎಳೆಯ ಬದನೆಕಾಯಿಯ ಆಕಾರದ ಚಿಕ್ಕ ಚೀಲ. ಯಕೃತ್ತು ದಿನಕ್ಕೆ ಅರ್ಧ ಲೀಟರಿಗಿಂತ ಹೆಚ್ಚಾಗಿಯೇ ಪಿತ್ತರಸವನ್ನು ಸ್ರವಿಸುವುದು. ಅದರ ಒಂದು ಭಾಗವು ಈ ಚೀಲದಲ್ಲಿ ಗಟ್ಟಿಯಾಗಿ ಸಂಗ್ರಹವಾಗಿರುವುದು. ಇದರಲ್ಲಿ ಹಿಡಿಯುವುದು 30ರಿಂದ 50 ಮಿಲಿಲೀಟರು ಮಾತ್ರ. ಜಿಡ್ಡಿನ ಆಹಾರವು ಸಣ್ಣ ಕರುಳನ್ನು ಮುಟ್ಟಿದೊಡನೆ ಚೀಲವು ಮುದುಡಿಕೊಂಡು ರಸವನ್ನು ಹೊರಗೆ ಕಳುಹಿಸುವುದು. ರಸದಲ್ಲಿರುವ ಕೊಲೆಸ್ಟರಾಲ್ ಅಥವಾ ಬಣ್ಣದ ವಸ್ತುವು ಹೆಪ್ಪುಗಟ್ಟಿ ಕಲ್ಲಾಗಿ, ಆ ಕಲ್ಲು ಚೀಲದ ಬಾಯಿಗೆ ಅಡ್ಡಬಂದರೆ, ಮುದುಡುವಾಗ ಕಠಿಣವಾದ ನೋವು ಹುಟ್ಟುವುದು. ಹೊಟ್ಟೆಯ ಮೇಲುಭಾಗದಲ್ಲಿ ಬಲಗಡೆ ತೋರಿ, ಬೆನ್ನಿಗೂ ಬಲಭುಜಕ್ಕೂ ಹರಡುವ ಈ ನೋವನ್ನು ಜನರು ಬಹಳ ದಿನ “ವಾಯು” ಎಂತಲೂ “ಗ್ಯಾಸ್” ಎಂತಲೂ ತಿಳಿದು ಉದಾಸೀನಮಾಡುವುದುಂಟು. ಮಧುಮೇಹವುಳ್ಳವರಲ್ಲಿ ಈ ಕಲ್ಲುಗಳು ಉಳಿದವರಿಗಿಂತ ಹೆಚ್ಚಾಗಿ ಕಾಣುವುವು. ಆದುದರಿಂದ ಎರಡು ವ್ಯಾಧಿಗಳೂ ಒಬ್ಬರಲ್ಲಿಯೇ ಸೇರುವುದು ವಿಚಿತ್ರವಲ್ಲ.

ಉಪವಾಸವು ಪಥ್ಯವಲ್ಲ

ಎರಡು ವ್ಯಾಧಿಗಳ ಹೆಸರನ್ನು ಕೇಳಿ ಹೆದರಿದ ಮನೆಯವರು ಮೊದಲು ಮಾಡುವ ಕೆಲಸವೆಂದರೆ ರೋಗಿಯ ಊಟವನ್ನೇ ಕಡಿದುಬಿಡುವುದು. ಇನ್ಸುಲಿನ್ ದೊರೆಯುವುದಕ್ಕೆ ಮುಂಚೆ ಕೆಲವು ವೈದ್ಯರೂ ಹೀಗೆಯೇ ಮಾಡಬೇಕಾಗಿದ್ದಿತು. ಮಧುಮೇಹಿಗಳನ್ನು ಅರೆಹೊಟ್ಟೆಯಲ್ಲಿಟ್ಟು ಅವರ ಆಯುಸ್ಸನ್ನು ಸ್ವಲ್ಪ ಕಾಲ ಮುಂದಕ್ಕೆ ತಳ್ಳುತ್ತಿದ್ದರು. 1921ರಲ್ಲಿ ಕೆನಡಾ ದೇಶದ ಟೊರಾಂಟೊ ನಗರದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಎಂಬವರು ಇನ್ಸುಲಿನನ್ನು ಬೇರ್ಪಡಿಸಿದರು. 1922ರ ಜನವರಿಯಲ್ಲಿ ಅದನ್ನು ಮೊದಲು 14 ವರ್ಷದ ಒಬ್ಬ ಬಾಲಕನಿಗೆ ಚುಚ್ಚಿದರು. ಅಂದಿನಿಂದ ಹಸಿವಿನ ಚಿಕಿತ್ಸೆಯ ಕಾಲವು ಮುಗಿಯಿತು. ಅದನ್ನು ನಾವು ನಮ್ಮ ಅಡಿಗೆಮನೆಯಲ್ಲಿ ಮತ್ತೆ ಆರಂಭಿಸಕೂಡದು.

ಉಪವಾಸದಿಂದ ಎರಡು ಕಡೆಯಿಂದಲೂ ಕೇಡಾಗುವುದು. ಇನ್ಸುಲಿನನ್ನಾಗಲಿ ಸಕ್ಕರೆಯನ್ನಿಳಿಸುವ ಕೆಲವು ಮಾತ್ರೆಗಳನ್ನಾಗಲಿ ತೆಗೆದುಕೊಂಡವರು ಹೊತ್ತಿಗೆ ಸರಿಯಾಗಿ ಉಣ್ಣದಿದ್ದರೆ ರಕ್ತದ ಸಕ್ಕರೆಯು ಅಪಾಯದ ಮಟ್ಟಕ್ಕೆ ಇಳಿಯಬಹುದು. ಇತ್ತ, ಬಹಳ ಹೊತ್ತು ಹೊಟ್ಟೆ ಖಾಲಿಯಿದ್ದರೆ ಪಿತ್ತಕೋಶಕ್ಕೆ ಮುದುಡುವ ಕೆಲಸವೇ ಇಲ್ಲದೆ, ರಸವು ನಿಂತ ನೀರಿನಂತೆ ಮಡ್ಡಿಗಟ್ಟುವುದು. ಒಂದು ವಾರಕ್ಕೆ ಒಂದೂವರೆ ಕಿಲೋಗ್ರಾಮಿಗಿಂತ ಹೆಚ್ಚಾಗಿ ತೂಕವು ಇಳಿದರೆ ಹೊಸ ಕಲ್ಲುಗಳು ಹುಟ್ಟುವ ಸಂಭವವು ಹೆಚ್ಚುವುದು. ತೂಕವನ್ನು ಇಳಿಸಬೇಕಾದವರು ನಿಧಾನವಾಗಿ ಇಳಿಸತಕ್ಕದ್ದು. ಜಿಡ್ಡನ್ನು ಸಂಪೂರ್ಣವಾಗಿ ಬಿಡುವುದೂ ಇದೇ ಕಾರಣದಿಂದ ಸಲ್ಲದು. ಎ, ಡಿ, ಇ, ಕೆ ಜೀವಸತ್ವಗಳು ದೇಹಕ್ಕೆ ಹಿಡಿಯಬೇಕಾದರೂ ಸ್ವಲ್ಪ ಜಿಡ್ಡು ಬೇಕೇ ಬೇಕು.

ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿಯುವುದು

ಅನ್ನವನ್ನು ಕಡಮೆಮಾಡಿದ ಮಧುಮೇಹಿಗೆ ಹಸಿವಾಗುವುದು ಸಹಜ. ಆಗ “ಇದರಲ್ಲಿ ಸಕ್ಕರೆಯಿಲ್ಲ” ಎಂದು ಕಡಲೆಕಾಯಿ, ಕೊಬ್ಬರಿ, ಚಕ್ಕುಲಿ, ಪಕೋಡಗಳನ್ನು ಕೊಡುವರು. 30 ಗ್ರಾಂ ಕಡಲೆಕಾಯಿಬೀಜದಲ್ಲಿ ಸುಮಾರು 12 ಗ್ರಾಂ ಜಿಡ್ಡಿರುವುದು; ಇದು ಎರಡೂವರೆ ಚಹಾ ಚಮಚ ಎಣ್ಣೆಗೆ ಸಮ. 50 ಗ್ರಾಂ ಹಸಿ ತೆಂಗಿನತುರಿಯಲ್ಲಿ ಸುಮಾರು 20 ಗ್ರಾಂ. ಚಟ್ನಿಯಲ್ಲಿ ಎಣ್ಣೆಯು ಕಣ್ಣಿಗೆ ಕಾಣದಿದ್ದರೂ ಪಿತ್ತಕೋಶಕ್ಕೆ ಅದು ತಿಳಿಯುವುದು. ಆ ರಾತ್ರಿಯೇ ನೋವು ಬಂದರೆ ಆಶ್ಚರ್ಯವಿಲ್ಲ.

ಇದಕ್ಕೆ ಪ್ರತಿಯಾಗಿ, ನೋವಿಗೆ ಹೆದರಿ ಜಿಡ್ಡನ್ನು ಬಿಟ್ಟವರಿಗೆ ಗಂಜಿ, ರಸ್ಕು, ಹಣ್ಣಿನ ರಸ, ಬೆಲ್ಲದ ಪಾನಕಗಳನ್ನು ಹೇರಳವಾಗಿ ಕೊಡುವರು; ಹೊಟ್ಟೆಗೆ ಹಗುರವೆಂಬ ಹೆಸರಿನಲ್ಲಿ ರಕ್ತದ ಸಕ್ಕರೆಯು ಏರುವುದು. ಬೆಲ್ಲವಾಗಲಿ ಜೇನಾಗಲಿ ಈ ವಿಷಯದಲ್ಲಿ ಸಕ್ಕರೆಗಿಂತ ಮೇಲಲ್ಲ. ರಾಗಿಯ ವಿಷಯದಲ್ಲಿಯೂ ಒಂದು ತಪ್ಪು ತಿಳಿವಳಿಕೆಯಿರುವುದು. ರಾಗಿಯು ಉತ್ತಮ ಧಾನ್ಯ. 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರಿರುವುದು, ಬಿಳಿಯ ಅಕ್ಕಿಯಲ್ಲಿ 3 ಗ್ರಾಮಿಗೂ ಕಡಮೆ. ಆದರೆ 60 ಗ್ರಾಂ ಹಿಟ್ಟಿನ ಮುದ್ದೆಯಲ್ಲಿರುವ ಪಿಷ್ಟವೂ 50 ಗ್ರಾಂ ಅಕ್ಕಿಯ ಅನ್ನದಲ್ಲಿರುವ ಪಿಷ್ಟವೂ ಹೆಚ್ಚುಕಡಮೆ ಒಂದೇ, ಅಂದರೆ ಸುಮಾರು 40 ಗ್ರಾಂ. ಆದುದರಿಂದ ಮುದ್ದೆಯನ್ನೂ ಅಳೆದೇ ಕಟ್ಟಬೇಕು. ಅನ್ನದ ಬದಲಿಗೆ ಅದು ಬರಬೇಕೇ ಹೊರತು ಅನ್ನದ ಜೊತೆಗೆ ಅಲ್ಲ.

ಅಳತೆಯ ಕ್ರಮ

ಸುಮಾರು ಒಂಬತ್ತು ಅಂಗುಲ ಅಗಲದ ತಟ್ಟೆಯನ್ನು ತೆಗೆದುಕೊಂಡು ಅದರಲ್ಲಿ ಅರ್ಧವನ್ನು ಸೊಪ್ಪು, ತರಕಾರಿಗಳಿಗೆ ಬಿಡಿರಿ. ಆಲೂಗೆಡ್ಡೆ, ಗೆಣಸುಗಳು ಈ ಅರ್ಧಕ್ಕೆ ಸೇರವು, ಅವು ಅನ್ನದ ಪಾಲಿಗೆ ಸೇರಿದುವು. ಕಾಲು ಭಾಗವನ್ನು ಬೇಳೆ, ಕಾಳು, ಮೊಟ್ಟೆಯ ಬಿಳಿ, ಮೀನು ಮೊದಲಾದ ಸಸಾರಜನಕ ಪದಾರ್ಥಗಳಿಗೆ ಬಿಡಿರಿ. ಉಳಿದ ಕಾಲು ಭಾಗವೇ ಅನ್ನಕ್ಕೆ, ಮುದ್ದೆಗೆ ಅಥವಾ ರೊಟ್ಟಿಗೆ. ಮೂತ್ರಪಿಂಡದ ತೊಂದರೆಯೂ ಇರುವವರು ಸಸಾರಜನಕದ ಅಳತೆಯನ್ನು ವೈದ್ಯರಿಂದಲೇ ಗೊತ್ತುಮಾಡಿಸಿಕೊಳ್ಳತಕ್ಕದ್ದು.

ಎಣ್ಣೆಗೆ ಒಂದು ಚಿಕ್ಕ ಬಟ್ಟಲನ್ನು ಬೇರೆ ಇಡಿರಿ. ಬೆಳಿಗ್ಗೆಯೇ ರೋಗಿಯ ಪಾಲಿನ ಎಣ್ಣೆಯನ್ನು, ಸಾಮಾನ್ಯವಾಗಿ ಮೂರು ಚಹಾ ಚಮಚದಷ್ಟನ್ನು, ಅದರಲ್ಲಿ ಅಳೆದಿಟ್ಟರೆ ಆ ದಿನದ ಒಗ್ಗರಣೆ, ದೋಸೆ, ಪಲ್ಯಗಳೆಲ್ಲಾ ಅದರಲ್ಲಿಯೇ ಆಗಬೇಕು. ಮುಖ್ಯ ಸಂಗತಿಯೆಂದರೆ ಅದನ್ನು ಮೂರು ಊಟಗಳಿಗೂ ಸಮನಾಗಿ ಹಂಚುವುದು. ಆರು ದಿನ ಜಿಡ್ಡಿಲ್ಲದೆ ಉಂಡು ಏಳನೆಯ ದಿನ ಬಿರಿಯಾನಿಯನ್ನು ಉಂಡವರಿಗೆ ನೋವು ಬರುವ ಸಂಭವವು ಹೆಚ್ಚು.

ಒಂದು ದಿನದ ಊಟದ ಪಟ್ಟಿ

ಬೆಳಿಗ್ಗೆ 7 ಗಂಟೆಗೆ: ಕೆನೆ ತೆಗೆದ ಹಾಲಿನ ಕಾಫಿ ಅಥವಾ ಚಹಾ, ಸಕ್ಕರೆಯಿಲ್ಲದೆ.

8 ಗಂಟೆಗೆ: ಎರಡು ಇಡ್ಲಿ, ತರಕಾರಿ ಹೆಚ್ಚಾಗಿ ಹಾಕಿದ ಸಾಂಬಾರು, ಕೊತ್ತಂಬರಿಸೊಪ್ಪು ಅಥವಾ ಟೊಮ್ಯಾಟೊ ಚಟ್ನಿ. ತೆಂಗಿನ ಬದಲು ಒಂದು ಚಮಚ ಹುರಿಗಡಲೆಯನ್ನು ಸೇರಿಸಿ ಅರೆದರೆ ಚಟ್ನಿಯು ಗಟ್ಟಿಯಾಗುವುದು.

11 ಗಂಟೆಗೆ: ಬೆಣ್ಣೆ ತೆಗೆದ ಮಜ್ಜಿಗೆ ಒಂದು ಲೋಟ, ಅಥವಾ ಒಂದು ಸಣ್ಣ ಸೀಬೆಹಣ್ಣು.

ಮಧ್ಯಾಹ್ನ 1 ಗಂಟೆಗೆ: ಅಳೆದ ಅನ್ನ ಅಥವಾ ಮುದ್ದೆ, ಸೊಪ್ಪಿನ ಸಾರು ಅಥವಾ ತೊವ್ವೆ, ಹುರುಳಿಕಾಯಿ, ಹೀರೇಕಾಯಿ, ಪಡುವಲಕಾಯಿಗಳಲ್ಲಿ ಒಂದರ ಪಲ್ಯ, ಸೌತೆಕಾಯಿ ಕೋಸಂಬರಿ. ಮೀನನ್ನು ಉಣ್ಣುವವರು ಅದನ್ನು ಹುರಿಯದೆ ಬೇಯಿಸಿ ಉಣ್ಣಲಿ. ಬೂತಾಯಿ, ಬಂಗುಡೆಗಳಿಗಿಂತ ಕಾಣೆಯಂಥ ಜಿಡ್ಡು ಕಡಮೆಯಿರುವ ಮೀನು ಮೇಲು.

ಸಾಯಂಕಾಲ 4½ ಗಂಟೆಗೆ: ಮೊಳಕೆಬಂದ ಹೆಸರುಕಾಳಿನ ಉಸಲಿ, ತೆಂಗಿಲ್ಲದೆ, ನಿಂಬೆರಸ ಹಿಂಡಿ.

ರಾತ್ರಿ 7½ ಗಂಟೆಗೆ: ಎರಡು ಸಣ್ಣ ಜೋಳದ ರೊಟ್ಟಿ ಅಥವಾ ಎಣ್ಣೆ ಸವರದ ಚಪಾತಿ, ತರಕಾರಿ ಪಲ್ಯ, ಬೇಳೆ, ಮಜ್ಜಿಗೆ.

ರಾತ್ರಿ ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಮಲಗುವಾಗ ಏನಾದರೂ ಕೊಡಬೇಕೇ ಎಂಬುದನ್ನು ವೈದ್ಯರಲ್ಲಿ ವಿಚಾರಿಸಿರಿ. ಈ ಪಟ್ಟಿಯು ಒಂದು ಮಾದರಿ ಮಾತ್ರ. ವಯಸ್ಸು, ತೂಕ, ಕೆಲಸ, ಔಷಧಗಳಿಗೆ ತಕ್ಕಂತೆ ಅಳತೆಯು ಬೇರೆಯಾಗುವುದು. ಹೊತ್ತು ಮಾತ್ರ ಬದಲಾಗದಿರಲಿ. ಶಸ್ತ್ರಕ್ರಿಯೆಯಿಂದ ಪಿತ್ತಕೋಶವನ್ನು ತೆಗೆಸಿಕೊಂಡವರಿಗೆ ಪಿತ್ತರಸವು ಯಕೃತ್ತಿನಿಂದ ನೇರವಾಗಿ ಕರುಳಿಗೆ ಇಳಿಯುತ್ತಿರುವುದು. ಅವರಲ್ಲಿ ಹೆಚ್ಚಿನವರು ಕೆಲವು ವಾರಗಳಲ್ಲಿ ಸಾಧಾರಣ ಊಟಕ್ಕೆ ಮರಳಬಹುದು. ಆದರೆ ಮಧುಮೇಹದ ಪಥ್ಯವು ನಿಲ್ಲುವುದಿಲ್ಲ.

ಎಚ್ಚರಿಕೆಯ ಮಾತುಗಳು

ಪಥ್ಯವು ನೋವನ್ನು ತಡೆಯಲು ಸಹಾಯಮಾಡುವುದು. ಇರುವ ಕಲ್ಲನ್ನು ಕರಗಿಸಲಾರದು. ನಿಂಬೆರಸದೊಡನೆ ಲೋಟಗಟ್ಟಲೆ ಎಣ್ಣೆ ಕುಡಿದರೆ ಕಲ್ಲು ಬೀಳುವುದೆಂಬ ಮಾತನ್ನು ನಂಬಬೇಡಿರಿ. ಮರುದಿನ ಮಲದಲ್ಲಿ ಕಾಣುವ ಹಸುರು ಉಂಡೆಗಳು ಆ ಎಣ್ಣೆಯಿಂದಲೇ ಆದ ಸಾಬೂನಿನಂಥ ಪದಾರ್ಥ; ಅಷ್ಟು ಎಣ್ಣೆಗೆ ಪಿತ್ತಕೋಶವು ಬಲವಾಗಿ ಮುದುಡಿ ಕಲ್ಲು ನಾಳದಲ್ಲಿ ಸಿಕ್ಕಿಕೊಳ್ಳಬಹುದು. ತೂಕವಿಳಿಸುವ ಹೊಸ ಚುಚ್ಚುಮದ್ದುಗಳಲ್ಲಿ ಕೆಲವು ಪಿತ್ತಕೋಶದ ತೊಂದರೆಯನ್ನು ಹೆಚ್ಚಿಸಬಹುದಾದುದರಿಂದ, ಕಲ್ಲಿರುವ ಸಂಗತಿಯನ್ನು ಮಧುಮೇಹದ ವೈದ್ಯರಿಗೆ ತಪ್ಪದೆ ತಿಳಿಸಿರಿ.

ಬೆವರು, ನಡುಕ, ತಲೆಸುತ್ತು, ಗೊಂದಲದ ಮಾತು ಕಂಡರೆ ಸಕ್ಕರೆಯು ಇಳಿದಿದೆಯೆಂದು ಶಂಕಿಸಬೇಕು. ಪರೀಕ್ಷೆಯಲ್ಲಿ 70 ಮಿಲಿಗ್ರಾಮಿಗಿಂತ ಕೆಳಗಿದ್ದರೆ 15 ಗ್ರಾಂ, ಅಂದರೆ ಮೂರು ಚಹಾ ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿ, 15 ನಿಮಿಷಗಳ ತರುವಾಯ ಮತ್ತೆ ಪರೀಕ್ಷಿಸಿರಿ. ಈ ಸಮಯದಲ್ಲಿ ಪೇಡೆಯನ್ನಾಗಲಿ ಚಾಕೊಲೇಟನ್ನಾಗಲಿ ಕೊಡಬೇಡಿರಿ. ಅವುಗಳ ಜಿಡ್ಡು ಸಕ್ಕರೆಯನ್ನು ರಕ್ತಕ್ಕೆ ತಡವಾಗಿ ಸೇರಿಸುವುದು, ಪಿತ್ತಕೋಶವನ್ನೂ ಕೆರಳಿಸುವುದು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಕೂಡಲೆ ಆಸ್ಪತ್ರೆಗೆ ಒಯ್ಯಿರಿ.

ಹೊಟ್ಟೆಯ ನೋವು ಕೆಲವು ಗಂಟೆಗಳಾದರೂ ನಿಲ್ಲದಿದ್ದರೆ, ಚಳಿಜ್ವರ ಬಂದರೆ, ಕಣ್ಣು ಹಳದಿಯಾದರೆ, ಮೂತ್ರವು ಕಪ್ಪಾಗಿ ಮಲವು ಬಿಳುಪಾದರೆ, ಕಷಾಯಗಳಲ್ಲಿ ಕಾಲ ಕಳೆಯಕೂಡದು. ಬಹುಕಾಲದ ಮಧುಮೇಹಿಗಳಲ್ಲಿ ನೋವು ಸ್ವಲ್ಪವೇ ಇದ್ದು ಒಳಗಿನ ಸೋಂಕು ದೊಡ್ಡದಾಗಿರುವುದುಂಟು. ವಾಂತಿಯಿಂದ ಊಟ ಸೇರದ ದಿನ ಇನ್ಸುಲಿನನ್ನು ತಾವಾಗಿಯೇ ನಿಲ್ಲಿಸದೆ ವೈದ್ಯರನ್ನು ಕೇಳಿರಿ.

ಮನೆಯವರ ಕರ್ತವ್ಯ

ರೋಗಿಯೊಬ್ಬರಿಗೆ ಮಾತ್ರ ಸಪ್ಪೆಯ ಊಟವನ್ನಿಟ್ಟು, ಎದುರಿಗೆ ಕುಳಿತು ಉಳಿದವರು ಹೋಳಿಗೆ ತುಪ್ಪ ಉಣ್ಣುವುದು ಸರಿಯಲ್ಲ. ಹಾಗೆ ಮಾಡಿದ ಮನೆಗಳಲ್ಲಿಯೇ ಡಬ್ಬಿಯೊಳಗಿನ ತಿಂಡಿ ರಾತ್ರಿಯಲ್ಲಿ ಗುಟ್ಟಾಗಿ ಖರ್ಚಾಗುವುದು. ವಯಸ್ಸಾದವರಿಗೆ ಪಥ್ಯಕ್ಕಿಂತ ಹೆಚ್ಚಾಗಿ ನೋವನ್ನುಂಟುಮಾಡುವುದು ತಾವು ಮನೆಯವರಿಗೆ ಹೊರೆಯಾದೆವೆಂಬ ಭಾವನೆ. ಮೇಲೆ ಹೇಳಿದ ಊಟವು ರೋಗಿಗೆ ಮಾತ್ರವಲ್ಲ, ಮನೆಮಂದಿಗೆಲ್ಲಾ ಒಳ್ಳೆಯದು. ಅಳತೆಯು ಬೇರೆಯಾಗಬಹುದು, ಅಡಿಗೆಯು ಒಂದೇ ಆಗಿರಲಿ. ಬೆಳೆಯುವ ಮಕ್ಕಳಿಗೆ ಬೇಕಾದ ಹಾಲು ತುಪ್ಪಗಳನ್ನು ಮೇಲಿನಿಂದ ಸೇರಿಸಿದರಾಯಿತು. ಮಧುಮೇಹವು ವಂಶದಲ್ಲಿ ಬರುವುದುಂಟಾದುದರಿಂದ, ಇಂದು ತಂದೆಯವರಿಗಾಗಿ ಕಲಿತ ಅಡಿಗೆಯು ಮುಂದೆ ಮಕ್ಕಳನ್ನೂ ಕಾಪಾಡೀತು. ಹಬ್ಬದ ದಿನ ಏನನ್ನಾದರೂ ರುಚಿನೋಡಬೇಕೆಂದು ಅವರು ಬಯಸಿದರೆ ಒಂದು ಚೂರನ್ನು ಊಟದೊಡನೆ ಅಳೆದು ಬಡಿಸಿರಿ, ಆ ಹೊತ್ತಿನ ಅನ್ನವನ್ನೂ ಎಣ್ಣೆಯನ್ನೂ ಅದಕ್ಕೆ ತಕ್ಕಷ್ಟು ತಗ್ಗಿಸಿರಿ. ಪ್ರೀತಿಯಿಂದ ಅಳೆದು ಬಡಿಸಿದ ಊಟವನ್ನು ಯಾರೂ ಶಿಕ್ಷೆಯೆಂದೆಣಿಸರು.

ಅಭ್ಯಾಸ

1. ನಿಮ್ಮ ಮನೆಯಲ್ಲಿ ಒಂದು ತಿಂಗಳಿಗೆ ಖರ್ಚಾಗುವ ಎಣ್ಣೆಯನ್ನು ಜನರ ಸಂಖ್ಯೆಯಿಂದಲೂ ದಿನಗಳಿಂದಲೂ ಭಾಗಿಸಿ, ಒಬ್ಬರಿಗೆ ದಿನಕ್ಕೆ ಎಷ್ಟು ಚಮಚವಾಗುವುದೆಂದು ಲೆಕ್ಕಹಾಕಿರಿ.

2. ನೀವು ದಿನವೂ ಅನ್ನಕ್ಕೆ ಹಾಕುವ ಅಕ್ಕಿಯನ್ನು ಒಮ್ಮೆ ತೂಗಿ, ಒಬ್ಬರ ಪಾಲು ಎಷ್ಟು ಗ್ರಾಮೆಂದು ಬರೆದಿಡಿರಿ.

3. ತೆಂಗಿಲ್ಲದೆ, ಒಂದು ಚಮಚ ಎಣ್ಣೆಯಲ್ಲಿ, ನಾಲ್ವರಿಗೆ ಸಾಕಾಗುವ ಒಂದು ಪಲ್ಯವನ್ನು ಮಾಡಿ, ಮನೆಯ ಹಿರಿಯರಿಗೆ ಬಡಿಸಿ, ಅವರ ಅಭಿಪ್ರಾಯವನ್ನು ಕೇಳಿರಿ.