ನೆನಪಿನ ನಾಣ್ಯಗಳು

ಆಗಸ್ಟ್ ೧೫ರ ಪ್ರಾತಃಕಾಲ ಚಾಮರಾಜನಗರ, ಗುಂಡ್ಲುಪೇಟೆಗಳ ಬೀದಿಗಳಲ್ಲಿ ಮಕ್ಕಳು ಎದೆಯ ಮೇಲೆ ಪುಟ್ಟ ಕಾಗದದ ಧ್ವಜವನ್ನು ಧರಿಸಿ ಶಾಲೆಗೆ ಸಾಗುವ ನೋಟ ಮನೋಹರವಾದುದು. ಆದರೆ ಅದೇ ಸಂಜೆ ಕೆಲವು ಧ್ವಜಗಳು ಧೂಳಿನಲ್ಲಿ ಬಿದ್ದಿರುವುದೂ ಉಂಟು. ಉತ್ಸವದ ನೆನಪು ಒಂದೇ ದಿನಕ್ಕೆ ಮುಗಿಯತಕ್ಕದ್ದೇ?

ಆ ನೆನಪು ಅಳಿಯಬಾರದೆಂದೇ ರಾಷ್ಟ್ರವು ಸ್ಮಾರಕ ವಸ್ತುಗಳನ್ನು ಹೊರತರುತ್ತದೆ. ಸ್ವತಂತ್ರ ಭಾರತದ ಮೊದಲ ಅಂಚೆಚೀಟಿ ಪ್ರಕಟವಾದುದು ೧೯೪೭ರ ನವೆಂಬರ್ ೨೧ರಂದು. ಮೂರೂವರೆ ಆಣೆ ಬೆಲೆಯ ಆ ಚೀಟಿಯ ಮೇಲೆ ತ್ರಿವರ್ಣ ಧ್ವಜವಿತ್ತು. ೧೯೪೮ರ ಪ್ರಥಮ ವಾರ್ಷಿಕೋತ್ಸವಕ್ಕೆ ಗಾಂಧೀಜಿಯವರ ಚಿತ್ರವುಳ್ಳ ನಾಲ್ಕು ಚೀಟಿಗಳು ಬಂದವು. ೧೯೭೨ರ ರಜತೋತ್ಸವಕ್ಕೆ ಹತ್ತು ರೂಪಾಯಿಯ ಬೆಳ್ಳಿಯ ನಾಣ್ಯವೂ, ೧೯೯೭ರ ಸುವರ್ಣೋತ್ಸವಕ್ಕೆ ಐವತ್ತು ಪೈಸೆಯ ನಾಣ್ಯವೂ ಹೊರಬಂದವು.

ಮೈಸೂರು ಜಿಲ್ಲೆಯಿಂದ ಬೇರ್ಪಟ್ಟು ಚಾಮರಾಜನಗರ ಜಿಲ್ಲೆ ರೂಪುಗೊಂಡದ್ದೂ ಅದೇ ೧೯೯೭ರಲ್ಲಿ. ಆದುದರಿಂದ ಇಲ್ಲಿನ ಮನೆಯೊಂದರ ಪೆಟ್ಟಿಗೆಯಲ್ಲಿ ಉಳಿದಿರುವ ಆ ನಾಣ್ಯವು ದೇಶದ ನೆನಪಿನೊಡನೆ ಜಿಲ್ಲೆಯ ಹುಟ್ಟನ್ನೂ ನೆನಪಿಸುತ್ತದೆ. ಐವತ್ತು ಪೈಸೆಗೆ ಇಂದು ಅಂಗಡಿಯಲ್ಲಿ ಏನು ದೊರೆತೀತು? ಆದರೂ ಅದು ಅಮೂಲ್ಯವೇ. ಬೆಲೆ ಬೇರೆ, ಮೌಲ್ಯ ಬೇರೆ.

ಕಾಗದದ ಧ್ವಜಕ್ಕೂ ಈ ಮಾತು ಸಲ್ಲುತ್ತದೆ. ಸಮಾರಂಭದ ಬಳಿಕ ಅದನ್ನು ನೆಲಕ್ಕೆ ಎಸೆಯಬಾರದು, ಗೌರವಪೂರ್ವಕವಾಗಿ ಏಕಾಂತದಲ್ಲಿ ವಿಸರ್ಜಿಸಬೇಕು ಎಂದು ೨೦೦೨ರ ಭಾರತದ ಧ್ವಜಸಂಹಿತೆ ತಿಳಿಸುತ್ತದೆ. ಧ್ವಜದ ಮೇಲೆ ಏನನ್ನೂ ಬರೆಯಕೂಡದು. ಅದನ್ನು ಪುಸ್ತಕದ ನಡುವೆ ಜೋಪಾನವಾಗಿರಿಸಿ, ಎದುರಿನ ಹಾಳೆಯಲ್ಲಿ ವರ್ಷವನ್ನು ಬರೆದಿಟ್ಟರೆ ಸಾಕು. ಮುಂದೊಂದು ದಿನ ಆ ಪುಟವನ್ನು ತೆರೆದವರಿಗೆ ಅದೇ ಒಂದು ಚರಿತ್ರೆಯಾದೀತು.